ಜೂಜಿನ ಹಣ, ಜನರ ಮತ

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸುವ ಮಸೂದೆಗೆ 2025ರ ಆಗಸ್ಟ್ 20ರಂದು ಲೋಕಸಭೆ, ಮರುದಿನ ರಾಜ್ಯಸಭೆ ಒಪ್ಪಿಗೆ ಕೊಟ್ಟವು. 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. 23ರಂದು ಸಿಕ್ಕಿಂನ ಗ್ಯಾಂಗ್ಟಾಕಿನಿಂದ ಸುದ್ದಿ ಬಂತು: ಚಿತ್ರದುರ್ಗದ ಶಾಸಕ ಕೆ.ಸಿ. ವೀರೇಂದ್ರ ಅವರನ್ನು ಅಕ್ರಮ ಬೆಟ್ಟಿಂಗ್ ಪ್ರಕರಣದಲ್ಲಿ ಜಾರಿ ನಿರ್ದೇಶನಾಲಯ (ಇ.ಡಿ.) ಬಂಧಿಸಿದೆ. ಚಿತ್ರದುರ್ಗ, ಬೆಂಗಳೂರು, ಹುಬ್ಬಳ್ಳಿ, ಗೋವಾ, ಮುಂಬೈ, ಜೋಧ್‌ಪುರ ಎಂದು 31 ಕಡೆ ಶೋಧ ನಡೆಸಿದ್ದಾಗಿಯೂ, ಸುಮಾರು 12 ಕೋಟಿ ರೂಪಾಯಿ ನಗದು, 6 ಕೋಟಿಯ ಚಿನ್ನಾಭರಣ ವಶಪಡಿಸಿಕೊಂಡಿದ್ದಾಗಿಯೂ ಇ.ಡಿ. ಹೇಳಿತು. ನೆಲದ ಮೇಲಿನ ಕ್ಯಾಸಿನೊಗೆ ಜಾಗ ಗುತ್ತಿಗೆ ಹಿಡಿಯಲು ಅವರು ಗ್ಯಾಂಗ್ಟಾಕಿಗೆ ಹೋಗಿದ್ದರು ಎಂಬುದೂ ಅದರ ಹೇಳಿಕೆಯಲ್ಲಿತ್ತು.

ಆರೋಪ ನಿಜವೋ ಸುಳ್ಳೋ ಎಂಬುದನ್ನು ನ್ಯಾಯಾಲಯ ತೀರ್ಮಾನಿಸಬೇಕು. ಅಲ್ಲಿಯವರೆಗೆ ವೀರೇಂದ್ರ ನಿರಪರಾಧಿಯೆಂದೇ ಕಾನೂನು ಎಣಿಸುತ್ತದೆ, ನಾವೂ ಹಾಗೇ ಎಣಿಸಬೇಕು. ನಾನು ಎತ್ತಬೇಕೆಂದಿರುವ ಪ್ರಶ್ನೆ ಆ ಪ್ರಕರಣದ ತೀರ್ಪನ್ನು ನೆಚ್ಚಿಕೊಂಡದ್ದಲ್ಲ. ಅವರು ಗೋವಾದ ಕ್ಯಾಸಿನೊ ಉದ್ಯಮಿ ಎಂಬುದು ನಮ್ಮ ಕಡೆ ಯಾರಿಗೂ ಗುಟ್ಟಾಗಿರಲಿಲ್ಲ. 2018ರಲ್ಲಿ ಜೆಡಿಎಸ್ ಅವರಿಗೆ ಟಿಕೆಟ್ ಕೊಟ್ಟಿತು, ಸೋತರು. 2023ರಲ್ಲಿ ಕಾಂಗ್ರೆಸ್ ಕೊಟ್ಟಿತು, 50 ಸಾವಿರಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು. ಗೋವಾದಲ್ಲಿ ಕ್ಯಾಸಿನೊ ನಡೆಸುವುದು ಅಪರಾಧವಲ್ಲ. ಹಾಗಿದ್ದ ಮೇಲೆ ಅಂಥ ಉದ್ಯಮಿ ಶಾಸಕನಾದರೆ ತಪ್ಪೇನು? ಈ ಪ್ರಶ್ನೆಗೆ ಸರಳ ಉತ್ತರವಿಲ್ಲ, ಆದರೆ ಉತ್ತರವಿದೆ. ಅದನ್ನು ಹುಡುಕಲು ನಾನು ಚಿತ್ರದುರ್ಗದ ಕೋಟೆಯೊಳಗೆ ಹೋಗುವುದಿಲ್ಲ. ಅದರ ಪಕ್ಕದ ಜಗಳೂರು, ಇತ್ತ ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳಿಂದ ನೋಡುತ್ತೇನೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೆ ಜಗಳೂರು ಚಿತ್ರದುರ್ಗ ಜಿಲ್ಲೆಯದೇ ತಾಲ್ಲೂಕು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಈಚೆಗೆ. ಜೂಜಿನ ಹಣ ಎಲ್ಲಿಗೆ ಹೋಗಿ ಸೇರುತ್ತದೆಂದು ತಿಳಿಯಬೇಕಾದರೆ ಅದು ಎಲ್ಲಿಂದ ಹೊರಡುತ್ತದೆ ಎಂಬುದನ್ನು ಮೊದಲು ನೋಡಬೇಕು. ಅದು ಹೊರಡುವುದು ಇಂಥ ಊರುಗಳಿಂದ.

ಮಟ್ಕಾ ಹುಟ್ಟಿದ್ದು 1960ರ ದಶಕದ ಮುಂಬೈಯಲ್ಲಿ. ನ್ಯೂಯಾರ್ಕಿನ ಹತ್ತಿ ಮಾರುಕಟ್ಟೆಯ ಓಪನಿಂಗ್ ಮತ್ತು ಕ್ಲೋಸಿಂಗ್ ದರಗಳ ಮೇಲೆ ಬಾಜಿ ಕಟ್ಟುವ ಆಟವಾಗಿ ಶುರುವಾಗಿ, ಆ ದರ ಬರುವುದು ನಿಂತ ಮೇಲೆ ಅಂಕಿಗಳ ಆಟವಾಗಿ ಉಳಿಯಿತು. ಅದೇ ನಮ್ಮಲ್ಲಿ ಓಸಿ. ಹತ್ತಿ ಗಿರಣಿಗಳಿಂದ ಹೆಸರು ಮಾಡಿದ ದಾವಣಗೆರೆಯ ಗಿರಣಿಗಳು ಮುಚ್ಚಿದವು, ಹತ್ತಿಯ ಹೆಸರಲ್ಲಿ ಹುಟ್ಟಿದ ಜೂಜು ಮಾತ್ರ ಮುಚ್ಚಲಿಲ್ಲ. ಬಸ್ ನಿಲ್ದಾಣದ ಹಿಂದೆ, ಟೀ ಅಂಗಡಿಯ ಪಕ್ಕ, ಸಂತೆಯ ಮೂಲೆಯಲ್ಲಿ ಒಬ್ಬ ಚೀಟಿ ಬರೆಯುತ್ತಾನೆ. ಈಗ ಚೀಟಿಯ ಬದಲು ವಾಟ್ಸ್‌ಆ್ಯಪ್ ಸಂದೇಶ, ನೋಟಿನ ಬದಲು ಫೋನ್ ಪೇ. ಪೊಲೀಸರ ಎಫ್‌ಐಆರ್‌ಗಳಲ್ಲಿ ಪದೇ ಪದೇ ಕಾಣುವ ಒಂದು ವಾಕ್ಯವಿದೆ: ಒಂದು ರೂಪಾಯಿಗೆ ಎಂಬತ್ತು ರೂಪಾಯಿ ಕೊಡುವುದಾಗಿ ಕೂಗಿ ಸಾರ್ವಜನಿಕರಿಂದ ಹಣ ಪಡೆಯುತ್ತಿದ್ದ. ಕೆಲವು ಕಡೆ ಎಂಬತ್ತರ ಜಾಗದಲ್ಲಿ ಎಪ್ಪತ್ತು ಇರುತ್ತದೆ.

ಈ ವಾಕ್ಯದಲ್ಲೇ ಇಡೀ ಉದ್ಯಮದ ಲೆಕ್ಕ ಅಡಗಿದೆ. ಎರಡಂಕಿಯ ಜೋಡಿಗಳು ಒಟ್ಟು ನೂರು. ನೂರರಲ್ಲಿ ಒಂದು ಗೆಲ್ಲುತ್ತದೆ. ನ್ಯಾಯವಾದ ಆಟವಾಗಿದ್ದರೆ ಗೆದ್ದವನಿಗೆ ನೂರು ರೂಪಾಯಿ ಸಿಗಬೇಕು. ಸಿಗುವುದು ಎಂಬತ್ತು. ಅಂದರೆ ಜನ ಕಟ್ಟಿದ ಪ್ರತಿ ನೂರರಲ್ಲಿ ಇಪ್ಪತ್ತು ರೂಪಾಯಿ, ಮೋಸವಿಲ್ಲದೆ, ಅಂಕಿ ತಿದ್ದದೆ, ಆಡಿಸುವವನ ಪಾಲಾಗುತ್ತದೆ. ಈಗ ಗೋವಾದ ಮಾಂಡವಿ ನದಿಯ ಮೇಲೆ ತೇಲುವ ಹಡಗುಗಳಲ್ಲಿ ಆಡಿಸುವ ರೂಲೆಟ್ ಚಕ್ರವನ್ನು ನೋಡಿ. ಒಂದೇ ಸೊನ್ನೆಯಿರುವ ಚಕ್ರದಲ್ಲಿ 37 ಮನೆಗಳು. ಗೆದ್ದ ಮನೆಗೆ ಕಟ್ಟಿದ ಹಣವೂ ಸೇರಿ 36ರಷ್ಟು ಕೈಗೆ ಬರುತ್ತದೆ. ಕ್ಯಾಸಿನೊ ಹಿಡಿದುಕೊಳ್ಳುವುದು ನೂರಕ್ಕೆ ಸುಮಾರು 2.70 ರೂಪಾಯಿ. ಉಳ್ಳವನು ತಣ್ಣನೆಯ ಹಡಗಿನಲ್ಲಿ ಆಡುವ ಜೂಜಿಗೆ ಕಟ್ಟುವ ಬೆಲೆಯ ಏಳು ಪಟ್ಟನ್ನು ಜಗಳೂರಿನ ಕೂಲಿಯವನು ಬಿಸಿಲಲ್ಲಿ ನಿಂತು ಕಟ್ಟುತ್ತಾನೆ. 2025-26ರಲ್ಲಿ ಉದ್ಯೋಗ ಖಾತರಿಯ ದಿನಗೂಲಿ ರಾಜ್ಯದಲ್ಲಿ 370 ರೂಪಾಯಿ. ಅದರಲ್ಲಿ ದಿನಕ್ಕೆ ಐವತ್ತು ರೂಪಾಯಿ ಓಸಿಗೆ ಹೋದರೆ, ಗೆಲುವುಗಳನ್ನೆಲ್ಲ ಸೇರಿಸಿಕೊಂಡೂ ಸರಾಸರಿ ಹತ್ತು ರೂಪಾಯಿ ಮರಳಿ ಬರುವುದಿಲ್ಲ. ಸರಾಸರಿ ಎಂಬುದು ಕಾಗದದ ಮಾತು. ಮನೆಯೊಳಗೆ ಅದು ಒಂದು ತಿಂಗಳು ರೇಷನ್ನಿನ ಹೊರತು ಬೇರೇನೂ ತರಲಾಗದ ಸ್ಥಿತಿ, ಇನ್ನೊಂದು ತಿಂಗಳು ಹೆಂಡತಿಯ ಸಂಘದ ಕಂತು ತಪ್ಪಿದ ಸ್ಥಿತಿ.

ಜೂಜಿನ ಉದ್ಯಮವನ್ನು ಬೇರೆ ಉದ್ಯಮಗಳ ಸಾಲಿನಲ್ಲಿ ಕೂರಿಸಬಾರದು ಎನ್ನುವುದಕ್ಕೆ ಈ ಲೆಕ್ಕವೇ ಕಾರಣ. ಚನ್ನಗಿರಿಯಲ್ಲಿ ಅಡಿಕೆ ಕೊಳ್ಳುವ ವರ್ತಕನಿಗೆ ರೈತ ಉಳಿಯಬೇಕು, ಮುಂದಿನ ವರ್ಷವೂ ಅವನು ಕೊನೆ ಕೊಯ್ಯಬೇಕು. ಹೊನ್ನಾಳಿಯಲ್ಲಿ ಬೀಜ, ಗೊಬ್ಬರ ಮಾರುವವನಿಗೆ ಬೆಳೆ ಬರಬೇಕು. ಬಾರದಿದ್ದರೆ ಬಾಕಿ ವಸೂಲಾಗದು. ಲಾಭಕೋರರೇ ಇರಬಹುದು, ಅವರ ಲಾಭಕ್ಕೂ ಗಿರಾಕಿಯ ಏಳಿಗೆಗೂ ಒಂದು ತೆಳು ಎಳೆಯಾದರೂ ಇದೆ. ಜೂಜು ಆಡಿಸುವವನಿಗೆ ಆ ಎಳೆಯಿಲ್ಲ. ಆಡುವವರು ಒಟ್ಟಾಗಿ ಸೋತರೆ ಮಾತ್ರ ಅವನ ಆದಾಯ. ಆಡುವವರೆಲ್ಲ ಒಟ್ಟಾಗಿ ಗೆದ್ದ ದಿನ ಅವನ ಉದ್ಯಮ ಮುಳುಗುತ್ತದೆ.

ಇದಕ್ಕೆ ಒಂದು ಸಿದ್ಧ ಪ್ರತಿವಾದವಿದೆ, ಹಳ್ಳಿಗಳಲ್ಲೇ ಕೇಳಿಬರುವಂಥದು: ಬೇಸಾಯವೂ ಜೂಜೇ ಅಲ್ಲವೇ? ಮಳೆಯೊಂದಿಗೆ ಜೂಜು, ದರದೊಂದಿಗೆ ಜೂಜು. ಬಜೆಟ್ ಭಾಷಣಗಳಲ್ಲೂ ಪಠ್ಯಪುಸ್ತಕಗಳಲ್ಲೂ ಈ ಮಾತು ಸವೆದುಹೋಗಿದೆ. ನಾನು ಇದನ್ನು ಬಲವಾಗಿ ವಿರೋಧಿಸುತ್ತೇನೆ. ಮೆಕ್ಕೆಜೋಳವನ್ನೇ ತೆಗೆದುಕೊಳ್ಳಿ. ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಮಳೆಯಾಶ್ರಿತ ಹೊಲಗಳನ್ನು ಅದು ಆವರಿಸಿಕೊಂಡಿದೆ. 2018ರ ಮೇ ತಿಂಗಳಲ್ಲಿ ದೇಶದಲ್ಲೇ ಮೊದಲ ಬಾರಿಗೆ ಲದ್ದಿಹುಳುವಿನ ಹೊಸ ಪ್ರಭೇದ, ಅಮೆರಿಕದ ಸೈನಿಕ ಹುಳು, ಶಿವಮೊಗ್ಗದ ಕೃಷಿ ಕಾಲೇಜಿನ ಮೆಕ್ಕೆಜೋಳದಲ್ಲಿ ಪತ್ತೆಯಾಯಿತು. ಅಲ್ಲಿಂದ ನ್ಯಾಮತಿಗೆ ಬರಲು ಅದಕ್ಕೆ ಎಷ್ಟು ಹೊತ್ತು ಬೇಕು. 2025ರಲ್ಲಿ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ ಇದ್ದಾಗ ಮಾರುಕಟ್ಟೆಯಲ್ಲಿ ಎರಡು ಸಾವಿರವೂ ಸಿಗದೆ ರೈತರು ಬೀದಿಗಿಳಿದರು. ಇದೆಲ್ಲ ಅನಿಶ್ಚಿತ, ಒಪ್ಪುತ್ತೇನೆ. ಆದರೆ ಬೆಳೆ ಅರ್ಧ ಬಂದರೂ ಲೋಕಕ್ಕೆ ಅರ್ಧ ಕಾಳು ಸಿಗುತ್ತದೆ, ದನಕ್ಕೆ ಮೇವು ಸಿಗುತ್ತದೆ, ಮಣ್ಣು ಉಳಿಯುತ್ತದೆ. ರೈತನ ನಷ್ಟವನ್ನು ಕಡಿಮೆ ಮಾಡಲು ದಾರಿಗಳಿವೆ. ಜಗಳೂರಿನ 57 ಕೆರೆಗಳಿಗೆ ತುಂಗಭದ್ರೆಯ ನೀರು ಹರಿಸುವ ಯೋಜನೆ ಅಂಥದೊಂದು ದಾರಿ. ಜನ ವರ್ಷಗಟ್ಟಲೆ ಹಟ ಹಿಡಿದು ಅದನ್ನು ಪಡೆದರು. ನೀರು ಬಂದಷ್ಟೂ ಅನಿಶ್ಚಿತತೆ ಕರಗುತ್ತದೆ. ಓಸಿಯಲ್ಲಿ ನೂರಕ್ಕೆ ಇಪ್ಪತ್ತರ ನಷ್ಟವನ್ನು ಯಾವ ಕೆರೆಯ ನೀರೂ ಕರಗಿಸದು. ಏಕೆಂದರೆ ಅದು ಅನಿಶ್ಚಿತವೇ ಅಲ್ಲ, ಆಟದ ಕಟ್ಟಡದಲ್ಲೇ ಕಟ್ಟಿಟ್ಟ ನಷ್ಟ. ಬೇಸಾಯವನ್ನು ಜೂಜು ಎಂದಾಗ ನಾವು ರೈತನ ಶ್ರಮವನ್ನು ಕೀಳು ಮಾಡುತ್ತೇವೆ, ಜೊತೆಗೆ ಜೂಜಿಗೆ ಇಲ್ಲದ ಮರ್ಯಾದೆಯನ್ನು ತಂದುಕೊಡುತ್ತೇವೆ.

ಒಂದು ಮಾತು ಮಾತ್ರ ನಿಜ. ಬೇಸಾಯದ ಅನಿಶ್ಚಿತತೆ ಜೂಜಿಗೆ ಗಿರಾಕಿಗಳನ್ನು ಒದಗಿಸುತ್ತದೆ. ಐದು ವರ್ಷ ಕಷ್ಟಪಟ್ಟರೂ ತೀರದ ಸಾಲ ಒಂದು ರಾತ್ರಿಯಲ್ಲಿ ತೀರಬಹುದೆಂಬ ಆಸೆ, ದುಡಿಮೆಗೆ ಫಲ ಗೊತ್ತಿರುವ ಕಡೆ ಅಷ್ಟಾಗಿ ಹುಟ್ಟುವುದಿಲ್ಲ. ಅತ್ತ ಅಡಿಕೆಯ ಧಾರಣೆ ಕ್ವಿಂಟಲಿಗೆ 50 ಸಾವಿರ ದಾಟಿದ ವರ್ಷಗಳಲ್ಲಿ ಚನ್ನಗಿರಿಯ ಕಡೆ ಕೈಯಲ್ಲಿ ಏಕಾಏಕಿ ಹಣ ಕಂಡ ಹುಡುಗರದು ಇನ್ನೊಂದು ಕಥೆ. ಬರವೂ ಬಾಗಿಲು ತೆರೆಯುತ್ತದೆ, ಸಮೃದ್ಧಿಯೂ ತೆರೆಯುತ್ತದೆ. ಐಪಿಎಲ್ ಶುರುವಾದರೆ ಸಾಕು. ಚುನಾವಣೆಯ ಫಲಿತಾಂಶ ಬರುವ ಮುನ್ನ ಎತ್ತು, ಕುರಿ, ತೋಟ, ಜಮೀನುಗಳನ್ನೇ ಪಣಕ್ಕೊಡ್ಡುವ ಸುದ್ದಿಗಳನ್ನು ನಾವು ಪ್ರತಿ ಸಲ ಓದುತ್ತೇವೆ, ಮೋಜಿನ ಸುದ್ದಿಯೆಂಬಂತೆ.

ಇಂಥ ಕಡೆ ಕಾನೂನು ಏನು ಮಾಡುತ್ತದೆ? 2024ರ ಮೇ 24ರ ರಾತ್ರಿ ಚನ್ನಗಿರಿಯಲ್ಲಿ ಏನಾಯಿತೆಂದು ನೆನಪಿಸಿಕೊಳ್ಳೋಣ. ಮಟ್ಕಾ ಆರೋಪದ ಮೇಲೆ ಮರಗೆಲಸದ ಯುವಕನೊಬ್ಬನನ್ನು ಪೊಲೀಸರು ಠಾಣೆಗೆ ಕರೆತಂದರು. ಬಂದ ಕೆಲವೇ ನಿಮಿಷಗಳಲ್ಲಿ ಆತ ಕುಸಿದುಬಿದ್ದ, ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಜೀವ ಹೋಗಿತ್ತು. ಜನ ಠಾಣೆಗೆ ನುಗ್ಗಿದರು, ಕಲ್ಲು ತೂರಿದರು, ವಾಹನಗಳನ್ನು ಜಖಂಗೊಳಿಸಿದರು, ಪೊಲೀಸರು ಗಾಯಗೊಂಡರು. ಡಿವೈಎಸ್‌ಪಿ, ಇನ್‌ಸ್ಪೆಕ್ಟರ್ ಅಮಾನತಾದರು; ತನಿಖೆ ಸಿಐಡಿಗೆ ಹೋಯಿತು. ಇದು ಲಾಕಪ್ ಸಾವಲ್ಲ, ಆತನಿಗೆ ಕಾಯಿಲೆಯಿತ್ತು ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದರು. ಸಾವಿನ ಕಾರಣವನ್ನು ಇಲ್ಲಿ ಚರ್ಚಿಸುವುದು ನನ್ನ ಉದ್ದೇಶವಲ್ಲ. ನಾನು ಕೇಳುವುದಿಷ್ಟೆ: ಓಸಿಯ ಹೆಸರಲ್ಲಿ ಠಾಣೆಯ ಮೆಟ್ಟಿಲು ಹತ್ತುವವರು ಯಾರು? ಮರಗೆಲಸದವರು, ಹಮಾಲರು, ಆಟೊ ಓಡಿಸುವವರು, ಚೀಟಿ ಬರೆದು ಕಮಿಷನ್ ಪಡೆಯುವವರು. ಅವರು ಬರೆದ ಚೀಟಿಯ ಹಣ ಸಂಜೆಗೆ ಯಾರ ಕೈ ಸೇರುತ್ತದೆ, ಆ ಕೈಯಿಂದ ಎಲ್ಲಿಗೆ ಹೋಗುತ್ತದೆ ಎಂಬ ದಾರಿಯನ್ನು ತಾಲ್ಲೂಕಿನ ಠಾಣೆ ಕೊನೆಯವರೆಗೆ ನಡೆದು ನೋಡಿದ ಉದಾಹರಣೆ ಅಪರೂಪ. ಕೆಳಗಿನ ಕೊಂಡಿಯನ್ನು ಹಿಡಿದು ದಂಡ ಕಟ್ಟಿಸಿ ಬಿಡುವ ಕಾನೂನಿಗೆ ಮೇಲಿನ ಕೊಂಡಿಯನ್ನು ಮುಟ್ಟಲು ಇ.ಡಿ.ಯೇ ಬರಬೇಕು. ಆ ಇ.ಡಿ.ಯೂ ಯಾರ ಮನೆಗೆ ಯಾವಾಗ ಹೋಗುತ್ತದೆ ಎಂಬುದರ ಬಗ್ಗೆ ವಿರೋಧ ಪಕ್ಷಗಳಿಗಿರುವ ಸಂಶಯವನ್ನು ತಳ್ಳಿಹಾಕುವಂತಿಲ್ಲ.

ಕಾನೂನಿನ ಈ ಇಬ್ಬಂದಿತನಕ್ಕೆ ಚರಿತ್ರೆಯಿದೆ, ಅದರಲ್ಲಿ ಬೆಂಗಳೂರಿಗೂ ಪಾಲಿದೆ. 1950ರ ದಶಕದಲ್ಲಿ ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ಇಂಗ್ಲಿಷ್ ವಾರಪತ್ರಿಕೆಯ ಮೂಲಕ ಆರ್.ಎಂ.ಡಿ. ಚಾಮರ್‌ಬಾಗ್‌ವಾಲಾ ಎಂಬುವರು ಬಹುಮಾನದ ಪದಬಂಧ ನಡೆಸುತ್ತಿದ್ದರು. ಪತ್ರಿಕೆ ಮೈಸೂರು ರಾಜ್ಯದ್ದು, ಗಿರಾಕಿಗಳಲ್ಲಿ ಮುಂಬೈ ರಾಜ್ಯದವರು ಬಹಳ ಮಂದಿ. ಮುಂಬೈ ಸರ್ಕಾರ ತೆರಿಗೆ ಹಾಕಿದಾಗ ಅದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1957ರ ಏಪ್ರಿಲ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರ ಪೀಠ, ಋಗ್ವೇದದ ಜೂಜುಗಾರನ ಸೂಕ್ತದಿಂದ ಮಹಾಭಾರತದವರೆಗೆ ಎಲ್ಲವನ್ನೂ ಸ್ಮರಿಸಿ, ಜೂಜು ವ್ಯಾಪಾರವೇ ಅಲ್ಲ, ವ್ಯಾಪಾರ ಮಾಡುವ ಮೂಲಭೂತ ಹಕ್ಕಿನ ರಕ್ಷಣೆ ಅದಕ್ಕೆ ಸಿಗದು ಎಂದು ತೀರ್ಪು ಕೊಟ್ಟಿತು. ಅಂದಿನಿಂದ ಇಂದಿನವರೆಗೆ ಆ ತೀರ್ಪು ನಿಂತಿದೆ. ಅದರ ಪಕ್ಕದಲ್ಲೇ ಇನ್ನೊಂದೂ ಬೆಳೆದಿದೆ. ವ್ಯಾಪಾರವಲ್ಲದ ಈ ವ್ಯಾಪಾರಕ್ಕೆ ಗೋವಾ ತನ್ನ 1976ರ ಕಾಯ್ದೆಯನ್ನು 1990ರ ದಶಕದಲ್ಲಿ ತಿದ್ದಿ ಪರವಾನಗಿ ಕೊಟ್ಟಿತು, ಸಿಕ್ಕಿಂ ತನ್ನದೇ ಕಾಯ್ದೆ ಮಾಡಿತು. 2025ರ ಸೆಪ್ಟೆಂಬರ್ 22ರಿಂದ ಕ್ಯಾಸಿನೊಗಳ ಮೇಲೆ ಶೇ 40ರ ಜಿಎಸ್‌ಟಿ ಇದೆ. ಜನರ ಸೋಲಿನಲ್ಲಿ ಸರ್ಕಾರವೂ ಪಾಲುದಾರ. ಕರ್ನಾಟಕ 2007ರಲ್ಲಿ ಲಾಟರಿ ನಿಷೇಧಿಸಿತು, ಅದು ಸರಿಯಾದ ಹೆಜ್ಜೆ. 2021ರಲ್ಲಿ ಆನ್‌ಲೈನ್ ಜೂಜು ನಿಷೇಧಿಸಿದಾಗ ಕೌಶಲದ ಆಟ, ಅದೃಷ್ಟದ ಆಟಗಳ ನಡುವಿನ ಗೆರೆ ಅಳಿಸಿತೆಂದು ಹೈಕೋರ್ಟ್ 2022ರ ಫೆಬ್ರುವರಿ 14ರಂದು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು.

ಮುಂದೆ ಇಂಥ ಕಾಯ್ದೆಗಳು ಮತ್ತೆ ಸದನಕ್ಕೆ ಬರುತ್ತವೆ. ಯಾವ ಆಟ ಕೌಶಲ, ಯಾವುದು ಜೂಜು, ಯಾರಿಗೆ ಪರವಾನಗಿ, ಎಷ್ಟು ತೆರಿಗೆ ಎಂದು ಕೈಯೆತ್ತಿ ತೀರ್ಮಾನಿಸುವವರಲ್ಲಿ ಜೂಜಿನ ಉದ್ಯಮಿಯೂ ಒಬ್ಬನಾಗಿದ್ದರೆ? ನನ್ನ ಮೊದಲ ಪ್ರಶ್ನೆಯ ಉತ್ತರ ಇಲ್ಲಿದೆ. ಅವನು ದುಷ್ಟನೆಂದಲ್ಲ. ತನ್ನ ಮತದಾರರು ಸೋಲದೆ ತಾನು ಗೆಲ್ಲಲಾಗದ ದಂಧೆಯಲ್ಲಿ ನಿಂತವನು ಆ ಮತದಾರರನ್ನು ಪ್ರತಿನಿಧಿಸಲಾರ.

ಇದು ನನ್ನೊಬ್ಬನ ಹೊಸ ವಿಚಾರವೇನೂ ಅಲ್ಲ. ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಯಹೂದಿಗಳ ಮಿಷ್ನಾ ಎಂಬ ನ್ಯಾಯಸಂಹಿತೆಯಲ್ಲಿ, ಸಾಕ್ಷಿ ಹೇಳಲು ಮತ್ತು ನ್ಯಾಯಾಧೀಶರಾಗಲು ಅನರ್ಹರಾದವರ ಒಂದು ಪಟ್ಟಿಯಿದೆ. ಪಟ್ಟಿಯಲ್ಲಿ ಮೊದಲು ಬರುವವನು ದಾಳದ ಜೂಜುಗಾರ. ಬಡ್ಡಿಗೆ ಸಾಲ ಕೊಡುವವನು, ಪಾರಿವಾಳ ಹಾರಿಸಿ ಬಾಜಿ ಕಟ್ಟುವವನು ಆಮೇಲೆ ಬರುತ್ತಾರೆ. ಯಾಕೆ ಅನರ್ಹ ಎಂಬುದರ ಬಗ್ಗೆ ತಾಲ್ಮುದಿನ ಪಂಡಿತರು ಎರಡು ಕಾರಣ ಕೊಟ್ಟರು. ಜೂಜಿನಲ್ಲಿ ಸೋತವನು ಮನಸಾರೆ ಹಣ ಕೊಟ್ಟಿರುವುದಿಲ್ಲ, ಗೆಲ್ಲುತ್ತೇನೆಂಬ ನೆಚ್ಚಿಕೆಯಲ್ಲಿ ಒಪ್ಪಿರುತ್ತಾನೆ; ಆದ್ದರಿಂದ ಅದನ್ನು ತೆಗೆದುಕೊಳ್ಳುವುದು ಕಳವಿಗೆ ಹತ್ತಿರ ಎಂದರು ಒಬ್ಬರು. ಲೋಕ ನೆಲೆಗೊಳ್ಳಲು ಬೇಕಾದ ಯಾವ ಕೆಲಸದಲ್ಲೂ ಅವನು ತೊಡಗಿಲ್ಲ ಎಂದರು ಇನ್ನೊಬ್ಬರು. ಬೇರೆ ಕಸುಬು ಇದ್ದವನಾದರೆ ಅವನನ್ನು ಅನರ್ಹಗೊಳಿಸಬೇಕಿಲ್ಲ ಎಂಬ ವಿನಾಯಿತಿಯ ಮಾತೂ ಅದೇ ಮಿಷ್ನಾದಲ್ಲಿದೆ. ಎಷ್ಟು ಹದವಾದ ಯೋಚನೆ! ಆಟ ಆಡಿದ್ದಕ್ಕೆ ಶಿಕ್ಷೆಯಿಲ್ಲ. ಅದನ್ನೇ ಬದುಕಾಗಿಸಿಕೊಂಡವನಿಗೆ ನ್ಯಾಯಪೀಠ ಇಲ್ಲ. ನಮ್ಮ ಕೌಟಿಲ್ಯನೂ ಜೂಜನ್ನು ಪೂರ್ತಿ ನಿಷೇಧಿಸಲಿಲ್ಲ. ಅಧಿಕಾರಿಯ ಕಣ್ಣೆದುರು ಒಂದೇ ಜಾಗದಲ್ಲಿ ಆಡಬೇಕು, ಗೆದ್ದದ್ದರಲ್ಲಿ ನೂರಕ್ಕೆ ಐದು ಸರ್ಕಾರಕ್ಕೆ, ಬೇರೆಲ್ಲಾದರೂ ಆಡಿದರೆ ಹನ್ನೆರಡು ಪಣ ದಂಡ ಎಂದ. ಆಡಿಸುವವನ ಮೇಲೆ ರಾಜ್ಯದ ಕಣ್ಣಿರಬೇಕು ಎಂಬುದು ಅಲ್ಲಿನ ತಿರುಳು. ಆಡಿಸುವವನೇ ರಾಜ್ಯದ ಕಣ್ಣಾದರೆ ಏನು ಮಾಡಬೇಕೆಂದು ಕೌಟಿಲ್ಯ ಹೇಳಿಲ್ಲ.

ಯಹೂದಿ ಎಂದಾಕ್ಷಣ ಅಮೆರಿಕದ ಕ್ಯಾಸಿನೊ ದೊರೆ ಶೆಲ್ಡನ್ ಅಡೆಲ್ಸನ್ ನೆನಪಾಗುವವರಿದ್ದಾರೆ. ಬಾಸ್ಟನ್ನಿನ ಬಡ ಟ್ಯಾಕ್ಸಿ ಚಾಲಕನ ಮಗ; ಹುಡುಗನಾಗಿದ್ದಾಗ ಬೀದಿಯಲ್ಲಿ ಪತ್ರಿಕೆ ಮಾರಿದವರು; ಲಾಸ್ ವೇಗಸ್, ಮಕಾವ್, ಸಿಂಗಪುರಗಳಲ್ಲಿ ಕ್ಯಾಸಿನೊ ಕಟ್ಟಿ, 2021ರ ಜನವರಿಯಲ್ಲಿ ತೀರಿಕೊಳ್ಳುವವರೆಗೆ ರಿಪಬ್ಲಿಕನ್ ಪಕ್ಷದ ಅತಿ ದೊಡ್ಡ ದಾನಿಗಳಲ್ಲಿ ಒಬ್ಬರಾಗಿದ್ದರು. ಕ್ಯಾಸಿನೊ ಒಡೆಯರಾಗಿದ್ದುಕೊಂಡೇ ಅವರು ಆನ್‌ಲೈನ್ ಜೂಜನ್ನು ನಿಷೇಧಿಸಬೇಕೆಂದು ಹಣ ಸುರಿದು ಪ್ರಚಾರ ಮಾಡಿದರು. ಬಡವರ ಮನೆ ಹಾಳಾಗುತ್ತದೆಂಬುದು ಅವರು ಕೊಟ್ಟ ಕಾರಣ. ಅದು ಪ್ರಾಮಾಣಿಕವೇ ಇರಬಹುದು, ಆದರೆ ಅದರಿಂದ ಲಾಭವಾಗುವುದು ನೆಲದ ಮೇಲಿನ ಕ್ಯಾಸಿನೊಗೆ ಎಂಬುದನ್ನು ಮರೆತು ಆ ಮಾತನ್ನು ಯಾರೂ ತೂಗಲಾಗಲಿಲ್ಲ. ಹಿತಾಸಕ್ತಿಯ ಸಂಘರ್ಷ ಎಂದರೆ ಇದೇ. ಒಳ್ಳೆಯ ಮಾತನ್ನೂ ನಂಬಲಾಗದಂತೆ ಮಾಡುತ್ತದೆ. ಅಡೆಲ್ಸನ್ ಅವರ ಧರ್ಮಕ್ಕೂ ಇದಕ್ಕೂ ಸಂಬಂಧವಿಲ್ಲ. ಶತಮಾನಗಳ ಕಾಲ ಯುರೋಪಿನ ಎಷ್ಟೋ ಕಡೆ ಭೂಮಿಯ ಒಡೆತನವನ್ನೂ ಕಸುಬುದಾರರ ಸಂಘಗಳನ್ನೂ ಯಹೂದಿಗಳಿಗೆ ನಿರಾಕರಿಸಿ, ಉಳಿದ ದಂಧೆಗಳಿಗೆ ಅವರನ್ನು ತಳ್ಳಿ, ಆಮೇಲೆ ಆ ದಂಧೆಗಳಿಗಾಗಿ ಅವರನ್ನೇ ಹೀಗಳೆದ ಇತಿಹಾಸವಿದೆ. ಅದೇ ಅಮೆರಿಕದಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ 1990ರಲ್ಲಿ ತಾಜ್ ಮಹಲ್ ಎಂಬ ಕ್ಯಾಸಿನೊ ತೆರೆದು, ಮರುವರ್ಷವೇ ಅದು ದಿವಾಳಿ ಅರ್ಜಿ ಹಾಕುವುದನ್ನು ಕಂಡು, ಕೊನೆಗೆ ಅಧ್ಯಕ್ಷರಾದ ಡೊನಾಲ್ಡ್ ಟ್ರಂಪ್ ಯಹೂದಿಯಲ್ಲ. ನಮ್ಮಲ್ಲೂ ಶಾಸಕರ ಬಂಧನದ ಸುದ್ದಿ ಬಂದ ಕೂಡಲೇ ಜಾತಿಯ ಲೆಕ್ಕ ಹಾಕಿದವರುಂಟು. ಅದು ಚರ್ಚೆಯ ದಾರಿ ತಪ್ಪಿಸುವ ಕೆಲಸ. ನೋಡಬೇಕಾದದ್ದು ಹಣ ಬಂದ ದಾರಿಯನ್ನು.

ಆ ದಾರಿ ಎಷ್ಟು ಅಗಲವಾಗಿದೆ ಎಂಬುದು 2024ರ ಮಾರ್ಚ್‌ನಲ್ಲಿ ಗೊತ್ತಾಯಿತು. ಸುಪ್ರೀಂ ಕೋರ್ಟಿನ ಆದೇಶದಂತೆ ಚುನಾವಣಾ ಬಾಂಡ್‌ಗಳ ವಿವರ ಹೊರಬಂದಾಗ, ಅತಿ ಹೆಚ್ಚು ಬಾಂಡ್ ಕೊಂಡದ್ದು ಯಾವ ಉಕ್ಕಿನ, ಸಿಮೆಂಟಿನ ಕಂಪನಿಯೂ ಅಲ್ಲ; ಲಾಟರಿ ದೊರೆ ಸ್ಯಾಂಟಿಯಾಗೊ ಮಾರ್ಟಿನ್ ಅವರ ಫ್ಯೂಚರ್ ಗೇಮಿಂಗ್, 1,368 ಕೋಟಿ ರೂಪಾಯಿ. ತೃಣಮೂಲ ಕಾಂಗ್ರೆಸ್, ಡಿಎಂಕೆ, ವೈಎಸ್‌ಆರ್ ಕಾಂಗ್ರೆಸ್, ಬಿಜೆಪಿ ಎಲ್ಲವೂ ಅದರಲ್ಲಿ ಪಾಲು ಪಡೆದವು. ಟಿಕೆಟ್ ಕೊಳ್ಳುವವನ ಹತ್ತಿಪ್ಪತ್ತು ರೂಪಾಯಿಗಳಿಂದ ಕೂಡಿಬಂದ ಮೊತ್ತ ಅದು. ಈ ಪಕ್ಷಗಳ ಯಾವ ವಕ್ತಾರನೂ ಇದರ ಬಗ್ಗೆ ಇನ್ನೊಂದು ಪಕ್ಷದ ಕಡೆ ಬೆರಳು ತೋರಿಸಲಾರ.

ಪಕ್ಷಗಳಿಗೆ ಇಂಥ ಉದ್ಯಮಿ ಯಾಕೆ ಬೇಕಾಗುತ್ತಾನೆ? ವಿಧಾನಸಭೆಗೆ ನಿಂತ ಅಭ್ಯರ್ಥಿ 40 ಲಕ್ಷಕ್ಕಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. 2023ರ ಚುನಾವಣೆಯಲ್ಲಿ ಕರ್ನಾಟಕದಲ್ಲಿ ಆಯೋಗ ವಶಪಡಿಸಿಕೊಂಡ ನಗದು, ಮದ್ಯ, ಸೀರೆ, ಚಿನ್ನಗಳ ಮೌಲ್ಯ 375 ಕೋಟಿ. ಸಿಕ್ಕಿಬಿದ್ದದ್ದೇ ಇಷ್ಟು. ಲೆಕ್ಕಕ್ಕೆ ಸಿಗದ ಇಂಥ ಹಣ ನಗದಾಗಿ, ರಾತ್ರೋರಾತ್ರಿ, ರಸೀದಿಯಿಲ್ಲದೆ ಬರಬೇಕು. ಗಣಿ, ಮದ್ಯ, ರಿಯಲ್ ಎಸ್ಟೇಟ್, ಕಾಲೇಜು ಒಡೆಯರಿಗೆ ಟಿಕೆಟ್ ಸಿಗುವುದೂ ಇದಕ್ಕೇ. ಅವರಿಗಿಲ್ಲದ ಅಡ್ಡಿ ಕ್ಯಾಸಿನೊದವನಿಗೆ ಮಾತ್ರ ಏಕೆ ಎಂದು ಕೇಳುವವರಿಗೆ ನನ್ನ ಉತ್ತರ: ಅವರಿಗೂ ಅಡ್ಡಿ ಇರಬೇಕು. ಆದರೆ ಗಣಿಯವನು ಕೊನೆಗೆ ಅದಿರನ್ನಾದರೂ ಕೊಡುತ್ತಾನೆ. ಅವನ ಅಪರಾಧ ಅಳೆಯಬಹುದಾದದ್ದು, ಬಳ್ಳಾರಿಯಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅಳೆದು ತೋರಿಸಿದರು. ಜೂಜಿನ ಹಾನಿ ಮನೆಮನೆಯೊಳಗೆ ಚದುರಿಹೋಗಿರುತ್ತದೆ. ನಾಚಿಕೆಯಿಂದ ಬಾಯಿ ಬಿಡದ ಕುಟುಂಬಗಳು ಅದನ್ನು ಅಳೆಯಲು ಬಿಡುವುದಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಲ್ಲಿ ಸುಮಾರು 45 ಕೋಟಿ ಜನ ವರ್ಷಕ್ಕೆ 20 ಸಾವಿರ ಕೋಟಿ ಕಳೆದುಕೊಳ್ಳುತ್ತಿದ್ದಾರೆಂದು ಕೇಂದ್ರ ಸರ್ಕಾರ 2025ರಲ್ಲಿ ಅಂದಾಜು ಮಾಡಿತ್ತು. ಅದರಲ್ಲಿ ನ್ಯಾಮತಿಯ ಪಾಲೆಷ್ಟು, ಜಗಳೂರಿನ ಪಾಲೆಷ್ಟು ಎಂದು ಕೇಳುವ ಕಚೇರಿಯೇ ಇಲ್ಲ.

ಇಲ್ಲಿಯ ರಾಜಕೀಯ ಯಾವಾಗಲೂ ಹೀಗಿರಲಿಲ್ಲ ಎಂಬುದನ್ನು ಹೇಳಲೇಬೇಕು. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು ಸಮಾಜವಾದಿ ಚಳವಳಿಯಿಂದ ಬಂದವರು, ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದ ಮೊದಲಿಗರು, ಮುಂದೆ ಮುಖ್ಯಮಂತ್ರಿಯಾದರು. ಅವರ ನಾಯಕ ಶಾಂತವೇರಿ ಗೋಪಾಲಗೌಡರು ಒಂದು ಓಟಿನ ಜೊತೆ ಒಂದು ನೋಟನ್ನೂ ಜನರಿಂದಲೇ ಕೇಳಿ ಚುನಾವಣೆ ಮಾಡಿದವರು. ಜಗಳೂರಿನ ಜೆ. ಮಹಮ್ಮದ್ ಇಮಾಂ ಅವರು ಉಳ್ಳ ಮನೆತನದವರೇ. ಚಿತ್ರದುರ್ಗದ ಜನ ಅವರನ್ನು ಲೋಕಸಭೆಗೆ ಕಳಿಸಿದರು. ಇವರೆಲ್ಲರಲ್ಲಿ ಕುಂದುಗಳಿದ್ದವು. ಪಟೇಲರು ತಮ್ಮ ಖಾಸಗಿ ದೌರ್ಬಲ್ಯಗಳನ್ನು ಮುಚ್ಚಿಡುತ್ತಲೂ ಇರಲಿಲ್ಲ. ಆದರೆ ಅವರ ಹಣ ಎಲ್ಲಿಂದ ಬಂತು ಎಂದು ಕೇಳಿದರೆ ಊರಿನ ಯಾವ ಮುದುಕನಾದರೂ ಹೊಲ, ತೋಟದ ಕಡೆ ಕೈತೋರಿಸಿ ಉತ್ತರ ಹೇಳಬಹುದಿತ್ತು. ಜನಪ್ರತಿನಿಧಿಯ ಬದುಕು ಜನರಿಗೆ ಕಾಣುವಂತಿತ್ತು. ಕಳೆದುಹೋಗಿರುವುದು ಅದು.

ಹಾಗಾದರೆ ಏನು ಮಾಡಬೇಕು? ಜೂಜುಕೋರರನ್ನೆಲ್ಲ ಜೈಲಿಗಟ್ಟಬೇಕೆಂದು ನಾನು ಹೇಳುವುದಿಲ್ಲ. ಆಡುವ ಚಟಕ್ಕೆ ಬಿದ್ದವನಿಗೆ ಬೇಕಾದದ್ದು ಚಿಕಿತ್ಸೆ. ಬೆಂಗಳೂರಿನ ನಿಮ್ಹಾನ್ಸ್ 2014ರಿಂದಲೇ ಮೊಬೈಲ್, ಇಂಟರ್ನೆಟ್ ಗೀಳಿಗೆ ಪ್ರತ್ಯೇಕ ಚಿಕಿತ್ಸಾಲಯ ನಡೆಸುತ್ತಿದೆ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಸಲಹೆ ಸಿಗುತ್ತದೆ. ಈ ಸಂಖ್ಯೆಯನ್ನು ಹೊನ್ನಾಳಿಯ ಬಸ್ ನಿಲ್ದಾಣದ ಗೋಡೆಯ ಮೇಲೆ ಬರೆಸಲು ಯಾವ ಕಾಯ್ದೆಯೂ ಬೇಕಿಲ್ಲ. ಚೀಟಿ ಬರೆದವನನ್ನು ಹಿಡಿದ ಪೊಲೀಸರು ಅವನು ಹಣ ಕಳಿಸಿದ ಯುಪಿಐ ಖಾತೆಯ ಹಿಂದೆ ಹೋಗಬೇಕು. ಚೀಟಿಯ ಕಾಲದಲ್ಲಿ ಕಷ್ಟವಾಗಿದ್ದ ಈ ಕೆಲಸ ಈಗ ಸುಲಭ. ಇನ್ನು ಶಾಸಕರ ವಿಷಯ. ರಾಜ್ಯಸಭೆಯಲ್ಲಿ ಸದಸ್ಯರ ಹಿತಾಸಕ್ತಿಗಳ ದಾಖಲೆ ಪುಸ್ತಕವೊಂದಿದೆ. ಕರ್ನಾಟಕದ ಶಾಸಕರು ಲೋಕಾಯುಕ್ತಕ್ಕೆ ವರ್ಷಕ್ಕೊಮ್ಮೆ ಆಸ್ತಿ ವಿವರ ಕೊಡುತ್ತಾರೆ. ಆಸ್ತಿ ಎಷ್ಟು ಎಂಬುದಕ್ಕಿಂತ ಅದು ಯಾವ ದಂಧೆಯದು, ಯಾವ ಊರಿನದು, ಯಾವ ದೇಶದ ಕಂಪನಿಯದು ಎಂಬುದು ಮುಖ್ಯ. ಜೂಜಿನ ಪರವಾನಗಿ ಹೊಂದಿದವನು ಶಾಸಕನಾಗಿರುವಷ್ಟು ಕಾಲ ಆ ದಂಧೆಯನ್ನು ಬಿಡಬೇಕು. ಬಿಡಲಾರೆ ಎನ್ನುವವನಿಗೆ ಸದನ ಬೇಡ. ಹೆಂಡತಿ, ತಮ್ಮ, ಭಾವನ ಹೆಸರಿಗೆ ಬರೆದುಕೊಟ್ಟು ಬಿಟ್ಟೆ ಎಂದರೆ ಬಿಟ್ಟಂತಲ್ಲ.

ಇಂಥ ಕಾಯ್ದೆ ನಾಳೆಯೇ ಬರುತ್ತದೆಂದು ನನಗೆ ಭರವಸೆಯಿಲ್ಲ, ಅದನ್ನು ಮಾಡಬೇಕಾದವರು ಶಾಸಕರೇ. ಆದರೆ ಕಾಯ್ದೆಯಿಲ್ಲದೆಯೂ ಆಗಬಹುದಾದ ಕೆಲಸವೊಂದಿದೆ. 2022ರ ನವೆಂಬರಿನಲ್ಲಿ ಕಾಂಗ್ರೆಸ್ಸಿನ ರಾಜ್ಯ ಘಟಕವಾದ ಕೆಪಿಸಿಸಿ ವಿಧಾನಸಭೆ ಟಿಕೆಟ್ ಆಕಾಂಕ್ಷಿಗಳಿಂದ ಅರ್ಜಿ ಕರೆದಿತ್ತು. ಅರ್ಜಿಗೆ 5 ಸಾವಿರ. ಅದರ ಜೊತೆ ಸಾಮಾನ್ಯ ವರ್ಗದವರು 2 ಲಕ್ಷ, ಪರಿಶಿಷ್ಟರು 1 ಲಕ್ಷ ರೂಪಾಯಿ ಕಟ್ಟಬೇಕಿತ್ತು. ಎಷ್ಟು ಕೊಡಬಲ್ಲಿರಿ ಎಂದು ಕೇಳಲು ಪಕ್ಷಗಳಿಗೆ ಸಂಕೋಚವಿಲ್ಲ ಎಂದಾಯಿತು. ಆ ಅರ್ಜಿಯಲ್ಲೇ, ಎಲ್ಲಿಂದ ತಂದು ಕೊಡುತ್ತೀರಿ ಎಂಬ ಇನ್ನೊಂದು ಕಾಲಂ ಸೇರಿಸಿ, ಬಂದ ಉತ್ತರಗಳನ್ನು ಆಯಾ ತಾಲ್ಲೂಕು ಕಚೇರಿಯ ಎದುರು ಅಂಟಿಸಲಿ. 2021ರಲ್ಲೇ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ಚುನಾವಣೆ ಯಾವಾಗ ನಡೆದರೂ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಟಿಕೆಟಿಗಾಗಿ ನೂರಾರು ಅರ್ಜಿಗಳು ಬರುತ್ತವೆ. ಆ ಕಾಲಂ ಅಲ್ಲಿಂದಲೇ ಶುರುವಾಗಲಿ.